ಸಿಂಪಡಿಸದ ಮೇಜು

ಕ್ಷೌರದ ಕುರ್ಚಿಯಲ್ಲಿ ಕೊರಳಿನವರೆಗೆ ಬಿಳಿ ಬಟ್ಟೆ ಹೊದ್ದು ಕೂತಿದ್ದಾಗ, ತನ್ನ ಎರಡು ವರ್ಷದ ಕೆಲಸ ನೀರುಪಾಲಾಗಿದೆ ಎಂದು ಅವನಿಗೆ ಹೊಳೆಯಿತು. ಹೊಳೆಯುವುದಕ್ಕೆ ಇದಕ್ಕಿಂತ ಮರ್ಯಾದೆಯ ಜಾಗ ಸಿಗಬಹುದಿತ್ತು. ದೊಡ್ಡವರಿಗೆ ದೊಡ್ಡ ವಿಚಾರಗಳು ಮರದ ಕೆಳಗೋ ಬೆಟ್ಟದ ತುದಿಯಲ್ಲೋ ಹೊಳೆಯುತ್ತವೆಂದು ಅವನು ಓದಿದ್ದ. ಅವನಿಗೆ ಮಾತ್ರ ತಲೆಯ ಒಂದು ಪಕ್ಕ ಕತ್ತರಿಸಿ ಇನ್ನೊಂದು ಪಕ್ಕ ಹಾಗೇ ಬಿಟ್ಟ ಸ್ಥಿತಿಯಲ್ಲಿ ಹೊಳೆಯಿತು. ಕ್ಷೌರಿಕ ಬಾಟಲಿಯ ಕುತ್ತಿಗೆ ಒತ್ತಿ ಅವನ ಒರಟು ಕೂದಲಿನ ಮೇಲೆ ಚುಸ್ ಚುಸ್ ಎಂದು ಏನನ್ನೋ ಸಿಂಪಡಿಸುತ್ತಿದ್ದ. ಯಾವ ದ್ರವ ಕಂಡರೂ ಅದರಲ್ಲಿ ಏನಿದೆ ಎಂದು ಕೇಳುವುದು ಅವನ ಕಸುಬಿನ ಚಟ. ಕೇಳಿದ. "ಏನಿಲ್ಲ ಸಾರ್, ನೀರು," ಎಂದ ಕ್ಷೌರಿಕ. "ಮತ್ತೆ ಕೂದಲು ಇಷ್ಟು ಬೇಗ ಮೆತ್ತಗಾಯ್ತಲ್ಲ?" ಕ್ಷೌರಿಕ ಕನ್ನಡಿಯಲ್ಲಿ ಅವನ ಮುಖವನ್ನೊಮ್ಮೆ ನೋಡಿದ. ಗಿರಾಕಿ ತಮಾಷೆ ಮಾಡುತ್ತಿದ್ದಾನೋ ನಿಜವಾಗಿಯೂ ಕೇಳುತ್ತಿದ್ದಾನೋ ಎಂಬ ಅನುಮಾನ. "ನೀರು ಹಾಕಿದ್ರೆ ಮೆತ್ತಗಾಗದೆ ಇನ್ನೇನಾಗುತ್ತೆ ಸಾರ್?" ಎಂದು ಕತ್ತರಿ ತೆಗೆದುಕೊಂಡ.

ಅವನು ಬಟ್ಟೆಯೊಳಗೆ ಕಲ್ಲಾಗಿ ಕೂತ. ತಲೆ ಆಡಿಸುವ ಹಾಗಿರಲಿಲ್ಲ. ಕಿವಿಯ ಪಕ್ಕದಲ್ಲಿ ಕತ್ತರಿಯಿತ್ತು. ಕಣ್ಣೆದುರಿಗೆ ಸಂಶೋಧನಾ ಕೇಂದ್ರದ ಗಾಜಿನ ಮನೆ ಬಂದು ನಿಂತಿತು. ಅಲ್ಲಿ ಎರಡು ಮೇಜು, ಎರಡರ ಮೇಲೂ ಒಂದೇ ಅಳತೆಯ ಕುಂಡಗಳಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ದಿನ ನೆಟ್ಟ ಕಾಮಕಸ್ತೂರಿ. ಎರಡಕ್ಕೂ ಬೇರಿಗೆ ನೀರು ಕೊಡುವುದನ್ನು ನಿಲ್ಲಿಸಿದ್ದ. ಬಲಗಡೆಯ ಮೇಜಿನ ಗಿಡಗಳಿಗೆ ಮಾತ್ರ ಎರಡು ದಿನ ಬಿಟ್ಟು ಮೂರನೆಯ ದಿನಕ್ಕೊಮ್ಮೆ ಕಡಲಪಾಚಿಯ ಸಾರವನ್ನು ಎಲೆಯಿಂದ ತೊಟ್ಟಿಕ್ಕುವ ತನಕ ಸಿಂಪಡಿಸುತ್ತಿದ್ದ. ಎಡಗಡೆಯವು ಸೊರಗಿ, ಕುತ್ತಿಗೆ ಮುರಿದುಕೊಂಡು, ಕಡ್ಡಿಯಾದವು. ಬಲಗಡೆಯವು ಹಸಿರಾಗಿ ನಿಂತವು. ಒಂದು ಸಲವಲ್ಲ, ಮಾಡಿದಷ್ಟು ಸಲವೂ ಹೀಗೇ. ಬರವನ್ನು ತಡೆದುಕೊಳ್ಳುವ ಔಷಧಿ ಗಿಡ! ಎರಡು ಮೇಜುಗಳ ಫೋಟೋ ದೊಡ್ಡದಾಗಿ ಕೇಂದ್ರದ ಬಾಗಿಲಿಗೆ ಎದುರಾದ ಗೋಡೆಯ ಮೇಲಿತ್ತು. ಆದರೆ ಸಿಂಪಡಿಸಿದ್ದೇನು? ಸಾವಿರ ಪಾಲು ನೀರಿಗೆ ಎರಡು ಪಾಲು ಸಾರ. ಬಾಯಾರಿ ಸಾಯುತ್ತಿದ್ದ ಗಿಡಗಳಲ್ಲಿ ಅರ್ಧಕ್ಕೆ ಅವನು ಮೂರು ದಿನಕ್ಕೊಮ್ಮೆ ಮೈತುಂಬ ನೀರು ಹೊಯ್ದಿದ್ದ, ಉಳಿದರ್ಧಕ್ಕೆ ಹನಿಯನ್ನೂ ಕೊಟ್ಟಿರಲಿಲ್ಲ. ಆಮೇಲೆ ನೀರು ಕುಡಿದವು ಬದುಕಿದವಲ್ಲ ಎಂದು ಆಶ್ಚರ್ಯಪಟ್ಟು ಅದಕ್ಕೆ ಚೌಕಟ್ಟು ಹಾಕಿಸಿದ್ದ.

ಎಡಗಡೆಯ ಮೇಜಿಗೆ ಅಷ್ಟೇ ಪ್ರಮಾಣದ ಬರೀ ನೀರನ್ನು ಸಿಂಪಡಿಸಿದ್ದರೆ ಮುಗಿದಿತ್ತು. ಆಗ ವ್ಯತ್ಯಾಸ ಕಂಡರೆ ಅದು ಪಾಚಿಯದು ಎನ್ನಬಹುದಿತ್ತು. ಇದು ಈ ವಿದ್ಯೆಯ ಮೊದಲ ಪಾಠ. ಅದನ್ನವನು ಮರೆತಿರಲಿಲ್ಲ, ಮರೆತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಶುರುವಿನಲ್ಲಿ ಕೇಂದ್ರದಲ್ಲಿದ್ದದ್ದು ಒಂದೇ ಸಿಂಪಡಕ. ಎಷ್ಟು ತೊಳೆದರೂ ಅದರ ಮೂತಿಯಲ್ಲಿ ಪಾಚಿಯ ಅಂಶ ಉಳಿದು ಎಡಗಡೆಯ ಗಿಡಗಳನ್ನು ಕೆಡಿಸಿಬಿಟ್ಟರೆ ಎಂದು ಅವನಿಗೆ ದಿಗಿಲು. ಹೊಸ ಸಿಂಪಡಕ ಬರುವ ತನಕ ಎಡಗಡೆಗೆ ಯಾವುದೂ ಬೇಡ ಎಂದು ತೀರ್ಮಾನಿಸಿ, 'ಈ ಮೇಜಿನ ಬಳಿ ಸಿಂಪಡಕ ತರಬಾರದು' ಎಂದು ಕೆಂಪು ಅಕ್ಷರದಲ್ಲಿ ಬರೆದು ತೂಗುಹಾಕಿದ್ದ. ಹೊಸದು ಬಂತು. ಫಲಕ ಹಾಗೇ ಉಳಿಯಿತು. ಬರೆದವನೇ ಅದಕ್ಕೆ ವಿಧೇಯನಾದ. ಎರಡು ವರ್ಷ ಆ ಮೇಜಿಗೆ ಮೂರು ಮಾರು ದೂರದಿಂದ ಸುತ್ತುಹಾಕಿ ಹೋಗುತ್ತಿದ್ದ, ಮಡಿ ಬಟ್ಟೆಗೆ ಎಲ್ಲಿ ಮೈ ತಾಗುತ್ತದೋ ಎಂದು ಹೆದರುವವರ ಹಾಗೆ. ಅಜಾಗರೂಕತೆಯಿಂದ ಕೆಟ್ಟವರನ್ನು ಲೋಕ ಕ್ಷಮಿಸುತ್ತದೆ. ಮಡಿಯಿಂದ ಕೆಟ್ಟವನನ್ನು ಏನೆಂದು ಕರೆಯುವುದು?

ಕ್ಷೌರ ಮುಗಿದು ಬೀದಿಗೆ ಬಂದಾಗ ಬಿಸಿಲು ಏರಿತ್ತು. ಕತ್ತಿನ ಹಿಂದೆ ತುಂಡು ಕೂದಲು ಚುಚ್ಚುತ್ತಿದ್ದವು. ಕೇಂದ್ರದ ಕಡೆಗೆ ನಡೆಯುತ್ತ ಅವನು ತನಗೆ ತಾನೇ ವಕೀಲನಾದ. ಕಡಲಪಾಚಿ ಸುಳ್ಳೆಂದು ಯಾರು ಹೇಳಿದರು? ಬೇರೆ ಕಡೆ ಬೇರೆಯವರು ಸರಿಯಾಗಿ ಮಾಡಿದ ಪ್ರಯೋಗಗಳಲ್ಲಿ ಕೆಲವು ಗಿಡಗಳಿಗೆ ಅದರಿಂದ ಅನುಕೂಲವಾದದ್ದುಂಟು. ತನ್ನ ಗಿಡಗಳಿಗೂ ಆಗಿರಬಹುದು. ಆಗದೆಯೂ ಇರಬಹುದು. ಗೊತ್ತಿಲ್ಲ. ಈ 'ಗೊತ್ತಿಲ್ಲ' ಎಂಬಲ್ಲಿಗೆ ಬಂದಾಗಲೆಲ್ಲ ವಕೀಲನ ಬಾಯಿ ಕಟ್ಟುತ್ತಿತ್ತು. ಹಿಂದೊಮ್ಮೆ ಒಂದು ವಿಚಾರ ಸಂಕಿರಣದಲ್ಲಿ ಇನ್ನೂ ಓದುತ್ತಿದ್ದ ಹುಡುಗಿಯೊಬ್ಬಳು ಬೇವಿನ ಕಷಾಯ ಸಿಂಪಡಿಸಿದ ಪುದೀನದ ಬಗ್ಗೆ ನಡುಗುವ ದನಿಯಲ್ಲಿ ಹೇಳಿ ಮುಗಿಸಿದಾಗ, ಹಿಂದಿನ ಸಾಲಿನಿಂದ ಎದ್ದು ನಿಂತು, "ಬರೀ ನೀರು ಸಿಂಪಡಿಸಿದ ಗಿಡ ಎಲ್ಲಮ್ಮಾ?" ಎಂದು ಕೇಳಿದವನು ಇವನೇ. ಸಭೆ ನಕ್ಕಿತ್ತು. ಅವಳು ಗಾಬರಿಯಲ್ಲಿ ಪರದೆಯ ಮೇಲಿನ ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದ್ದಳು, ಆ ಗಿಡ ಅಲ್ಲೆಲ್ಲೋ ಅಡಗಿರುವ ಹಾಗೆ. ಆ ದಿನ ಊಟದ ಸಾಲಿನಲ್ಲಿ ಇಬ್ಬರು ಇವನ ಬೆನ್ನು ತಟ್ಟಿದ್ದರು.

ಇದೆಲ್ಲ ಬೇರೆ ದಿನವಾಗಿದ್ದರೆ ಒಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ನಿಧಾನವಾಗಿ ಕರಗಿಸಬಹುದಿತ್ತು. ಆದರೆ ಈ ದಿನ ಅಕ್ಕ ಸಾರದ ಕ್ಯಾನುಗಳನ್ನು ಒಯ್ಯಲು ಬರುವವಳಿದ್ದಳು. ಅಕ್ಕ ಔಷಧಿ ಗಿಡ ಬೆಳೆದು ಎಣ್ಣೆ ತೆಗೆಯುವವರಿಗೆ ಮಾರುತ್ತಿದ್ದವಳು. ಅವಳ ಕಡೆಯ ಬೆಳೆಗಾರರೆಲ್ಲ ಸೇರಿ ಒಂದು ದೊಡ್ಡ ನೀರಿನ ತೊಟ್ಟಿ ಕಟ್ಟಿಕೊಂಡಿದ್ದರು. ವಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸರದಿ. ಗುಲಾಬಿ ಬೆಳೆಯುವ ನೆರೆಯವನು ತನ್ನ ಒಣ ದಿಣ್ಣೆಯನ್ನು ಅಕ್ಕನಿಗೆ ಬಿಟ್ಟುಕೊಡುತ್ತೇನೆ, ಬದಲಿಗೆ ನಿನ್ನ ಸರದಿ ನನಗೆ ಕೊಡು ಎಂದಿದ್ದ. ತಮ್ಮನ ಔಷಧ ಇರುವಾಗ ನೀರಿನ ಹಂಗು ಯಾಕೆ ಎಂದು ಅಕ್ಕ ಒಪ್ಪಿದ್ದಳು. ಈ ಮಧ್ಯಾಹ್ನದ ಸಭೆಯಲ್ಲಿ ಅದು ಪಕ್ಕಾ ಆಗುವುದಿತ್ತು. ಒಮ್ಮೆ ಬಿಟ್ಟ ಸರದಿ ಮರಳಿ ಬಂದ ಉದಾಹರಣೆಯಿಲ್ಲ. ಕಾದು ನಿಂತವರು ಬೇಕಾದಷ್ಟಿದ್ದರು. ಫೋನಿನಲ್ಲಿ ಅವಳು ಹೋದ ವಾರ, "ಏನೋ ಪಂಡಿತ, ಕೊಡಲಾ?" ಎಂದು ಕೇಳಿದ್ದಕ್ಕೆ, "ಕಣ್ಣು ಮುಚ್ಚಿಕೊಂಡು ಕೊಡು," ಎಂದಿದ್ದ. ಹೇಳುವಾಗ ಅವನ ಕಣ್ಣೂ ಮುಚ್ಚಿಯೇ ಇತ್ತು, ಊಟವಾಗಿ ಮಲಗಿದ್ದ.

ಗಾಜಿನ ಮನೆಯಲ್ಲಿ ಎರಡೂ ಮೇಜು ಇದ್ದಲ್ಲೇ ಇದ್ದವು. ಒದ್ದೆ ಮಣ್ಣಿನದೂ ಕಾಮಕಸ್ತೂರಿಯದೂ ಬೆರೆತ ಬಿಸಿ ವಾಸನೆ. ಎಂದೂ ಹೋಗದವನು ಎಡಗಡೆಯ ಮೇಜಿನ ಹತ್ತಿರ ಹೋಗಿ ಒಂದು ಕುಂಡದ ಮೇಲೆ ಬಗ್ಗಿದ. ಸಾಲಿನಲ್ಲಿ ಕೊನೆಯ ಗಿಡ, ಇನ್ನೂ ಪೂರ್ತಿ ಸತ್ತಿರಲಿಲ್ಲ. ಎಲೆಗಳು ಒಳಕ್ಕೆ ಸುರುಳಿಯಾಗಿದ್ದವು. ಬೆರಳಲ್ಲಿ ಒಂದನ್ನು ತಿಕ್ಕಿದರೆ ಘಾಟು ಮೂಗಿಗೆ ಹೊಡೆಯಿತು. ಬಾಯಾರಿದ ಗಿಡದಲ್ಲಿ ಎಷ್ಟೋ ಸಲ ಎಣ್ಣೆಯ ಅಂಶ ಗಾಢವಾಗುತ್ತದೆ. ಸಾಯುವ ಮುನ್ನ ಅದು ಇನ್ನಷ್ಟು ಔಷಧಿಯಾಗುತ್ತದೆ. ಕಷ್ಟ ಬಂದಾಗ ಗಟ್ಟಿಯಾಗುವ ಗುಣ. ತನ್ನಲ್ಲಿ ಅದರ ಸುಳಿವೇನಾದರೂ ಇದೆಯೇ ಎಂದು ಹುಡುಕಿದ. ಕೂದಲು ಚುಚ್ಚುತ್ತಿರುವುದು ಬಿಟ್ಟರೆ ಬೇರೇನೂ ಅನುಭವಕ್ಕೆ ಬರಲಿಲ್ಲ.

"ಏನೋ, ಸತ್ತವರ ಮುಂದೆ ತಲೆ ತಗ್ಗಿಸಿಕೊಂಡು ನಿಂತಿದ್ದೀಯ?" ಬಾಗಿಲಲ್ಲಿ ಅಕ್ಕ. ಮಂಡಿಯವರೆಗಿನ ರಬ್ಬರ್ ಬೂಟು, ಕೈಯಲ್ಲಿ ಗಾಡಿಯ ಬೀಗದ ಕೈ. "ಇದೇನು ತಲೆ? ಮೇಕೆ ಮೇಯ್ದ ಹಾಗಿದೆ."

"ಅಕ್ಕಾ, ಬಂದ್ಯಾ. ಕೂತ್ಕೋ."

"ಕೂರೋಕೆ ಟೈಮಿಲ್ಲ ಕಣೋ. ಕ್ಯಾನ್ ಎಲ್ಲಿ? ಗಾಡಿ ಎದುರಿಗೇ ನಿಲ್ಲಿಸಿದ್ದೀನಿ."

ಹೇಳಿಬಿಡು ಎಂದು ಅವನ ಒಳಗಿನ ಯಾರೋ ಅಂದರು. ಹೇಳಲು ಬಾಯಿ ತೆರೆದ. ಬಂದ ಮಾತು ಬೇರೆ. "ಕ್ಯಾನ್ ಸ್ಟಾಕ್ ಇಲ್ಲ ಅಕ್ಕಾ."

"ನಿನ್ನ ಹಿಂದೆ ಇರೋದೇನು ಹಾಗಾದ್ರೆ?"

ಅವನ ಹಿಂದೆ ಗೋಡೆಯುದ್ದಕ್ಕೂ ಪೇರಿಸಿಟ್ಟ ನೀಲಿ ಕ್ಯಾನುಗಳಿದ್ದವು. "ಅದು... ಹಳೇದು. ಅವಧಿ ಮುಗಿದಿದೆ."

"ಸಾರ ಹಳೇದಾದಷ್ಟೂ ಒಳ್ಳೇದು ಅಂತ ನೀನೇ ಫೋನಲ್ಲಿ ಭಾಷಣ ಮಾಡಿದ್ದೆಯಲ್ಲೋ."

ಮಾಡಿದ್ದ. ಅವನ ಹಳೆಯ ಜಂಬಗಳೆಲ್ಲ ಅಕ್ಕನ ಬಾಯಲ್ಲಿ ಸುರಕ್ಷಿತವಾಗಿದ್ದವು. "ನಿನ್ನ ದಿಣ್ಣೆಯ ಮಣ್ಣು ಬೇರೆ," ಎಂದು ಇನ್ನೊಂದು ಕಡೆಯಿಂದ ನುಗ್ಗಿದ. "ಮೊದಲು ಪರೀಕ್ಷೆ ಆಗಬೇಕು. ಈ ವರ್ಷ ತಡೆದುಕೋ. ಸರದಿ ಈಗ್ಲೇ ಯಾಕೆ ಬಿಡ್ತೀಯ? ಗುಲಾಬಿಯವನು ಎಲ್ಲಿಗೂ ಓಡಿಹೋಗಲ್ಲ."

"ಓಡಿಹೋಗಲ್ಲ, ದಿಣ್ಣೆ ಇನ್ನೊಬ್ಬರಿಗೆ ಕೊಡ್ತಾನೆ." ಅಕ್ಕ ಕಣ್ಣು ಕಿರಿದು ಮಾಡಿದಳು. "ನಿಂಗೇನಾಗಿದೆ? ಜ್ವರಾನಾ?"

ಅಷ್ಟರಲ್ಲಿ ನಿರ್ದೇಶಕರು ಬಂದರು. ಅವರು ಯಾವಾಗಲೂ ಅಷ್ಟರಲ್ಲೇ ಬರುವವರು. "ಓಹೋ, ನಮ್ಮ ಮೊದಲ ಬೆಳೆಗಾರರು! ಬನ್ನಿ ಬನ್ನಿ," ಎಂದು ತಾವೇ ಒಂದು ಕ್ಯಾನ್ ಎತ್ತಿಕೊಂಡರು. ಅವರು ಕ್ಯಾನ್ ಎತ್ತಿದ್ದನ್ನು ಕೇಂದ್ರದಲ್ಲಿ ಯಾರೂ ಈವರೆಗೆ ಕಂಡಿರಲಿಲ್ಲ. ಅವನಿಗೆ ಈಗ ದಾರಿಯೇ ಉಳಿಯಲಿಲ್ಲ. ಧೈರ್ಯ ಮಾಡಿ, ಆದರೆ ಧೈರ್ಯಕ್ಕೆ ದಪ್ಪ ಕೋಟು ತೊಡಿಸಿ, "ಸಾರ್, ಈ ಫಲಿತಾಂಶಗಳನ್ನು ಪ್ರಾಥಮಿಕ ಅಂತಲೇ ತಗೋಬೇಕು. ಹೋಲಿಕೆಯ ಗುಂಪಿನ ವಿನ್ಯಾಸದಲ್ಲಿ ಒಂದು ಮಿತಿ ಇರುವ ಸಾಧ್ಯತೆಯನ್ನ ತಳ್ಳಿಹಾಕೋ ಹಾಗಿಲ್ಲ," ಎಂದ.

ನಿರ್ದೇಶಕರು ಅಕ್ಕನ ಕಡೆ ತಿರುಗಿ ನಕ್ಕರು. "ನೋಡಿ ಮೇಡಂ, ಇದೇ ನಿಮ್ಮ ತಮ್ಮ. ಬೆಟ್ಟ ಕಡಿದು ಬಂದು ಇಲಿ ಹಿಡಿದೆ ಅಂತಾರೆ. ಅಷ್ಟು ವಿನಯ."

"ವಿನಯಾನಾ? ಇವನಿಗಾ?" ಎಂದು ಅಕ್ಕ ಎರಡು ಕ್ಯಾನ್ ಎತ್ತಿಕೊಂಡು ಹೊರಟಳು. ಅವನು ಇನ್ನೆರಡು ಎತ್ತಿಕೊಂಡು ಹಿಂದೆ ಹೋದ. ತಡೆಯಬೇಕಾದವನು ಹೊರುತ್ತಿದ್ದ, ಅದೂ ಗೋಡೆಯ ಮೇಲಿನ ಫೋಟೋದ ಮುಂದೆಯೇ ಹಾದು. ಫೋಟೋದಲ್ಲಿ ಅವನು ಎರಡು ಮೇಜಿನ ನಡುವೆ ಕೈಕಟ್ಟಿ ನಿಂತಿದ್ದ, ಬರಗಾಲವನ್ನು ಈಗಷ್ಟೇ ಕೆಲಸದಿಂದ ತೆಗೆದುಹಾಕಿದವನ ಮುಖಭಾವದಲ್ಲಿ.

ಕ್ಯಾನುಗಳನ್ನು ಗಾಡಿಯ ಹಿಂಬದಿಯ ತೆರೆದ ಜಾಗದಲ್ಲಿಟ್ಟು, ಸಭೆಗೆ ನಾನೂ ಬರುತ್ತೇನೆ ಎಂದು ಮುಂದೆ ಅಕ್ಕನ ಪಕ್ಕ ಹತ್ತಿದ. ದಾರಿಯಲ್ಲಿ ಹೇಳುವುದೆಂದು ಲೆಕ್ಕ. ಆದರೆ ಗಾಡಿಯಲ್ಲಿ ಅಕ್ಕ ಮಾತಾಡುತ್ತಲೇ ಇದ್ದಳು: ದಿಣ್ಣೆಯಲ್ಲಿ ಯಾವ ಸಾಲಿಗೆ ಯಾವ ಗಿಡ, ಅಡ್ಡಲಾಗಿ ನೆಡಬೇಕೋ ಉದ್ದಕ್ಕೋ. ಅವಳ ದನಿಯಲ್ಲಿ ಅವನು ಈವರೆಗೆ ಕೇಳದ ಒಂದು ಹಗುರವಿತ್ತು. ಪ್ರತಿ ತಿರುವಿನಲ್ಲೂ ಈಗ, ಈ ಕಂಬ ದಾಟಲಿ, ಆ ಸೇತುವೆ ಬರಲಿ ಎಂದುಕೊಂಡ. ಕಂಬ ದಾಟಿತು, ಸೇತುವೆಯೂ ಹೋಯಿತು. ನೆನಪಿಗೆ ಬಂದದ್ದು ಬೇರೆಯೇ: ಚಿಕ್ಕಂದಿನಲ್ಲಿ ಶಾಲೆಯಲ್ಲಿ ಗಾಜಿನ ಲೋಟದೊಳಗೆ ಹತ್ತಿ ಒದ್ದೆ ಮಾಡಿ ಅವರೆಕಾಳು ಮೊಳೆಸಿ ತರಲು ಹೇಳಿದ್ದರು. ಅವನದು ಅಷ್ಟು ಚೆನ್ನಾಗಿ ಮೊಳೆತಿತ್ತು, ಮೇಷ್ಟ್ರು ತರಗತಿಗೆಲ್ಲ ತೋರಿಸಿದ್ದರು. ತಾನು ಗಿಡಗಳ ಕಡೆಯವನು ಎಂದು ಅವನು ನಂಬಿದ್ದು ಆ ದಿನದಿಂದ. ಎಷ್ಟೋ ವರ್ಷದ ಮೇಲೆ ಅವನ ಮದುವೆಯ ಊಟದಲ್ಲಿ, ಹೊಸ ನೆಂಟರ ನಡುವೆ, ಅಕ್ಕ ನಗುತ್ತ ಹೇಳಿದ್ದಳು: ಇವನ ಕಾಳು ಕೊಳೆತು ನಾರುತ್ತಿತ್ತು, ಅಳುತ್ತಾನೆಂದು ನಾನೇ ನನ್ನದನ್ನು ತೆಗೆದು ಅದರೊಳಗಿಟ್ಟೆ. ನೆಂಟರು ತುತ್ತು ನಿಲ್ಲಿಸಿ ನಕ್ಕಿದ್ದರು. ಅವನೂ ನಕ್ಕಿದ್ದ. ಆಗಲೇ ಅವನ ಹೆಸರಿನ ಹಿಂದೆ ಪದವಿಯ ಅಕ್ಷರಗಳು ಸೇರಿದ್ದವು. ಕೊಳೆತ ಕಾಳಿನ ಮೇಲೆ ಕಟ್ಟಿದ ಪಾಂಡಿತ್ಯ ಎಂದು ಅವನಿಗೆ ಎಷ್ಟೋ ಸಲ ಅನಿಸಿದ್ದುಂಟು. "ಯಾಕೋ ಸುಮ್ಮನಿದ್ದೀಯ?" ಎಂದಳು ಅಕ್ಕ. "ಏನಿಲ್ಲ, ಕೂದಲು ಚುಚ್ಚುತ್ತಿದೆ," ಎಂದ. ಅದು ನಿಜವೇ ಆಗಿತ್ತು. ಆ ದಿನ ಅವನು ಅವಳಿಗೆ ಹೇಳಿದ ಮೊದಲ ನಿಜ.

ತೊಟ್ಟಿಯ ಪಕ್ಕದ ತಗಡಿನ ಮಾಡಿನ ಕೆಳಗೆ ಬೆಳೆಗಾರರು ಮರದ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂತಿದ್ದರು. ಗುಲಾಬಿಯವನು ಎದ್ದು ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಮುಳ್ಳು ಗೀರಿದ ದೊಡ್ಡ ಕೈಗಳು, ಪೊರಕೆಯಂಥ ಮೀಸೆ. "ನೀವೇನಾ ತಮ್ಮ? ನಿಮ್ಮಿಂದ ನನ್ನ ಗುಲಾಬಿ ಬದುಕಿತು ಕಣ್ರೀ," ಎಂದ. ತೊಟ್ಟಿಯ ಬೀಗದ ಕೈ ಕೊರಳಿಗೆ ನೇತುಹಾಕಿಕೊಂಡಿದ್ದ ಹೆಂಗಸು ಸಭೆ ನಡೆಸುತ್ತಿದ್ದಳು. ಎಲ್ಲರೂ ಅವಳನ್ನು ಬೀಗದಮ್ಮ ಎನ್ನುತ್ತಿದ್ದರು. ಸೋರುವ ಕೊಳವೆಯ ವಿಷಯ ಮುಗಿಯಿತು. ಆಮೇಲೆ ಅವಳು, ಅಕ್ಕನ ಸರದಿ ಗುಲಾಬಿಯವರಿಗೆ ಹೋಗುತ್ತದೆ, ದಿಣ್ಣೆ ಅಕ್ಕನಿಗೆ ಬರುತ್ತದೆ, ಆಕ್ಷೇಪವಿರುವವರು ಹೇಳಿ ಎಂದಳು.

ಅವನ ಕೈ ಮೇಲೆ ಹೋಯಿತು, ಶಾಲೆಯಲ್ಲಿ ಒಂದಕ್ಕೆ ಹೋಗಲು ಕೇಳುವ ಹಾಗೆ. ಬೀಗದಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀವು ಸದಸ್ಯರಾ?"

"ಅಲ್ಲ. ನಾನು ತಮ್ಮ."

"ತಮ್ಮಂದಿರಿಗೆ ಆಕ್ಷೇಪ ಇಲ್ಲ ಸ್ವಾಮಿ. ಸದಸ್ಯರಿಗೆ ಮಾತ್ರ. ಕೈ ಇಳಿಸಿ."

ಇಳಿಸಿದ. ಒಂದು ಕ್ಷಣ ಅವನಿಗೆ ಹಾಯೆನಿಸಿತು: ಪ್ರಯತ್ನ ಮಾಡಿದೆ, ನಿಯಮ ಅಡ್ಡಬಂತು, ಇನ್ನು ನನ್ನ ತಪ್ಪಿಲ್ಲ. ಆ ಹಾಯೆನಿಸಿದ್ದೇ ಅವನಿಗೆ ಎಷ್ಟು ಅಸಹ್ಯವಾಯಿತೆಂದರೆ, ಅದರಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಎದ್ದು ನಿಂತು ಕೂಗಿಬಿಟ್ಟ. "ಅಕ್ಕಾ, ಸರದಿ ಬಿಡಬೇಡ! ನಾನು ಆ ಗಿಡಕ್ಕೆ ಹಾಕಿದ್ದು ನೀರು. ಒಂದು ಮೇಜಿಗೆ ನೀರು ಹಾಕಿದೆ, ಒಂದಕ್ಕೆ ಹಾಕಲಿಲ್ಲ. ಹಾಕಿದ್ದು ಬದುಕಿತು. ಅಷ್ಟೇ. ಪಾಚಿಯಿಂದ ಏನಾದರೂ ಆಯ್ತೋ ಇಲ್ಲವೋ ನನಗೆ ಗೊತ್ತಿಲ್ಲ."

ತಗಡಿನ ಕೆಳಗಿನಿಂದ ಯಾರೋ, "ನೀರು ಹಾಕಿದ್ರೆ ಗಿಡ ಬದುಕುತ್ತಂತೆ ಕಣ್ರಪ್ಪಾ!" ಎಂದರು. ನಗು ಒಂದು ಮೂಲೆಯಿಂದ ಎದ್ದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹರಿಯಿತು. "ಇದಕ್ಕೆ ಎಷ್ಟು ವರ್ಷ ಓದಬೇಕು ಸಾರ್?" ಎಂದು ಇನ್ನೊಬ್ಬರು. ಬೀಗದಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡಳು. ಗುಲಾಬಿಯವನ ಮುಖ ಮಾತ್ರ ಬಾಡಿತು. ಆದರೂ ಮೀಸೆ ಅದುರುತ್ತಿತ್ತು. ಆ ನಗುವಿನ ನಡುವೆಯೂ ಅವನ ಮನಸ್ಸಿನ ಒಂದು ಮೂಲೆಯಲ್ಲಿ, ಮಾತು ಚುಟುಕಾಗಿ ಸ್ಪಷ್ಟವಾಗಿ ಬಂತಲ್ಲ ಎಂಬ ತೃಪ್ತಿ ಇಣುಕುತ್ತಿತ್ತು. ಅಕ್ಕ ಪೆಟ್ಟಿಗೆಯಿಂದ ಎದ್ದಳು. "ಸರದಿ ನನ್ನ ಹತ್ರಾನೇ ಇರಲಿ," ಎಂದಳು ಬೀಗದಮ್ಮನಿಗೆ, ಸಣ್ಣ ದನಿಯಲ್ಲಿ. ಗುಲಾಬಿಯವನ ಕಡೆ ತಿರುಗಿ, "ತಪ್ಪು ತಿಳೀಬೇಡಿ," ಎಂದಳು. ಹೊರಗೆ ಹೋದಳು.

ಅವನು ಹಿಂದೆ ಓಡಿದ. ಅವಳು ಗಾಡಿಗೆ ಒರಗಿ ನಿಂತು ದಿಣ್ಣೆಯ ಕಡೆ ನೋಡುತ್ತಿದ್ದಳು. ದಿಣ್ಣೆ ಅಲ್ಲಿಂದ ಪೂರ್ತಿ ಕಾಣುತ್ತಿತ್ತು, ಬೋಳಾಗಿ, ಬಿಸಿಲಿಗೆ ಬೆನ್ನು ಕೊಟ್ಟುಕೊಂಡು. ಕೃತಜ್ಞತೆಯ ಮಾತೊಂದು ಬರಬಹುದೆಂದು ಅವನು ಕಾದ. ಇಂಥ ಕಡೆಯಲ್ಲೂ ಕಾಯುವ ಅವನ ಸಾಮರ್ಥ್ಯ ದೊಡ್ಡದು.

"ಯಾವಾಗ ಗೊತ್ತಾಯ್ತು?" ಎಂದಳು.

"ಬೆಳಿಗ್ಗೆ."

"ಬೆಳಿಗ್ಗೆ. ಸರಿ. ಕ್ಯಾನ್ ಹೊರೋವಾಗ ಗೊತ್ತಿತ್ತು. ಗಾಡೀಲಿ ನಾನು ಹುಚ್ಚಿ ಹಾಗೆ ಸಾಲು ಹಾಕ್ತಾ ಇದ್ದಾಗಲೂ ಗೊತ್ತಿತ್ತು."

"ಹೂಂ."

"ಪ್ರಯೋಗ ತಪ್ಪೋದು ಇರಲಿ ಬಿಡು. ನನ್ನ ಎರಡು ಬೆಳೆ ತಪ್ಪಿದೆ, ನಾನೇನು ಸತ್ತೆನಾ? ಗಾಡೀಲಿ ಯಾಕೋ ಹೇಳಲಿಲ್ಲ?"

ಮಿತಿ, ವಿನ್ಯಾಸ, ಸಾಧ್ಯತೆ ಎಂಬ ಮಾತುಗಳು ಒಂದೊಂದಾಗಿ ನಾಲಿಗೆಯ ತನಕ ಬಂದು ಹಿಂದಕ್ಕೆ ಹೋದವು. "ಹೆದರಿಕೆ ಆಯ್ತು."

"ಯಾವುದಕ್ಕೆ?"

"ನೀನು ನಗ್ತೀಯ ಅಂತ."

ಅಕ್ಕ ದಿಣ್ಣೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು. "ನಾನು ನಗಲಿಲ್ಲವಲ್ಲೋ," ಎಂದಳು.

ಅವನು ನೆನಪು ಮಾಡಿಕೊಂಡ. ಬೀಗದಮ್ಮ ನಕ್ಕಿದ್ದಳು, ಮೂಲೆಯವರು ನಕ್ಕಿದ್ದರು, ಗುಲಾಬಿಯವನ ಮೀಸೆ ನಕ್ಕಿತ್ತು. ಎಲ್ಲರ ಮುಖವೂ ಒಂದೊಂದಾಗಿ ಕಣ್ಣಿಗೆ ಬಂತು. ಅಕ್ಕನ ಮುಖ ಬರಲಿಲ್ಲ. ನೋಡುವುದೇ ಕಸುಬಾದವನು ಆ ಮುಖವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದ್ದ. ಏನಾದರೂ ಹೇಳಬೇಕೆಂದು ಹೊರಡುವಷ್ಟರಲ್ಲಿ ಅವಳು ಗಾಡಿಯ ಬಾಗಿಲು ತೆಗೆದು ಒಳಗೆ ಕೂತಾಗಿತ್ತು. "ಹಿಂದೆ ಹತ್ತು," ಎಂದಳು. "ಆ ಕ್ಯಾನು ಹಿಡ್ಕೊಂಡು ಕೂತ್ಕೋ. ಉರುಳಾಡುತ್ತವೆ."

"ಮುಂದೆ ಜಾಗ ಇದೆಯಲ್ಲ ಅಕ್ಕಾ."

"ಇಲ್ಲ."

ಅವಳ ಪಕ್ಕದ ಸೀಟು ಖಾಲಿಯಾಗಿ, ಬಿಸಿಲು ಬಿದ್ದು ಹೊಳೆಯುತ್ತಿತ್ತು. ಅವನು ಹಿಂದಕ್ಕೆ ಹೋಗಿ, ಒಂದು ಸಲ ಕಾಲು ಜಾರಿ, ಎರಡನೆಯ ಸಲಕ್ಕೆ ಹತ್ತಿದ. ಗಾಡಿ ಹೊರಟಿತು. ಕ್ಯಾನುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು ಎರಡನ್ನು ತೋಳಲ್ಲಿ, ಎರಡನ್ನು ಮೊಣಕಾಲಲ್ಲಿ ಅವುಚಿಕೊಂಡ. ಒಂದರ ಮುಚ್ಚಳ ಸಡಿಲವಿತ್ತು. ಹಳ್ಳ ಬಂದಾಗಲೆಲ್ಲ ಕೊಳೆತ ಮೀನಿನ ವಾಸನೆಯ ಕಪ್ಪು ಸಾರ ತುಳುಕಿ ಪ್ಯಾಂಟನ್ನು ನೆನೆಸುತ್ತಿತ್ತು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ಬಸ್ ನಿಲ್ದಾಣದಲ್ಲಿ ನಿಂತ ಮುದುಕಿಯೊಬ್ಬಳು ಮೂಗು ಮುಚ್ಚಿಕೊಂಡಳು. ಅವನು ಗಂಭೀರವಾಗಿ ಇರಲು ಪ್ರಯತ್ನಿಸಿದ. ನಾಳೆ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳುವುದು, ಫೋಟೋ ಇಳಿಸುವುದು. ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದ: ತಪ್ಪು ತಿಳಿದ ತಕ್ಷಣ ಹೊರಟೆ ಸಾರ್, ತುಂಬಿದ ಸಭೆಯಲ್ಲಿ ಎದ್ದು ನಿಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಆಮೇಲೆ ಅಕ್ಕನೂ ನಾನೂ ಮಾತಾಡಿಕೊಂಡು ವಾಪಸು ಬಂದೆವು. ಕತೆ ಸೇತುವೆಯ ತನಕ ಸಲೀಸಾಗಿ ಬಂತು. ಸೇತುವೆಯ ಉಬ್ಬಿನಲ್ಲಿ ಗಾಡಿ ಎಗರಿ ಸಾರ ಮುಖಕ್ಕೆ ರಾಚಿದಾಗಲೇ ಅವನ ಗಮನಕ್ಕೆ ಬಂದದ್ದು, ಆ ಕತೆಯಲ್ಲಿ ತಾನು ಮುಂದಿನ ಸೀಟಿನಲ್ಲಿ ಕೂತಿದ್ದೇನೆಂದು.